ಬಾಗಿದ ಗೆರೆ

ವೇದವತಿ ರೈಫಲ್ಲಿನ ಮೇಲೆ ಕೂರಿಸಿ ಗುರಿ ನೋಡುವ ಹೊಸ ಸ್ಕೋಪನ್ನು ಮತ್ತೆ ಅದರ ಡಬ್ಬಕ್ಕೆ ಹಾಕುತ್ತಿದ್ದಾಗ ಜಯರಾಮ್ ಗ್ಯಾರೇಜಿನ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದ.

“ಇದೂ ಸರಿ ಇಲ್ವಾ?”

“ಇಲ್ಲ. ಗೆರೆ ಬಾಗಿದೆ.”

“ಹೋದ್ಸಲ ತರಿಸಿದ್ದೂ ಹಾಗೇ ಅಂದೆ.”

“ಅದೂ ಬಾಗಿತ್ತು. ಈ ಸಲ ಬೇರೆ ಕಂಪನಿದು ತರಿಸ್ತೀನಿ.”

ಜಯರಾಮ್ ಲೋಟ ಎತ್ತಿ ಉಳಿದದ್ದನ್ನು ಕುಡಿದು ಒಳಗೆ ಹೋದ. ಹೆಂಡತಿಯ ರೈಫಲ್ಲಿನ ವಿಷಯದಲ್ಲಿ ಅವನು ಬಹಳ ಹಿಂದೆಯೇ ಒಂದು ತೀರ್ಮಾನಕ್ಕೆ ಬಂದಿದ್ದ. ಅದು ಅವಳದು, ತನ್ನದಲ್ಲ. ಮನೆಯಲ್ಲಿ ಬಂದೂಕು ಇರುವುದು ಅವನಿಗೆ ಇಷ್ಟವಿರಲಿಲ್ಲ. ಉಕ್ಕಿನ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾಳೆ, ಮದ್ದುಗುಂಡು ಬೇರೆ ಕಡೆ ಇಡುತ್ತಾಳೆ, ಇನ್ನೇನು ಹೇಳುವುದು ಎಂದು ಸುಮ್ಮನಾಗಿದ್ದ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವಳ ಜೊತೆ ಗುಂಡು ಹೊಡೆಯುವ ರೇಂಜಿಗೆ ಹೋಗಿರಲಿಲ್ಲ.

ವೇದವತಿಗೆ ಐವತ್ತೇಳು. ಸಾಂಟಾ ಕ್ಲಾರಾದ ಒಂದು ಲ್ಯಾಬಿನಲ್ಲಿ ಪೆಥಾಲಜಿಸ್ಟ್. ರೋಗಿಗಳ ದೇಹದಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಕ್ಯಾನ್ಸರು, ಇದು ಅಲ್ಲ ಎಂದು ಬರೆದುಕೊಡುವುದು ಅವಳ ಕೆಲಸ. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ, ನೆಲದ ಮೇಲೆ ಮಲಗಿ ಕಾಗದದ ಗುರಿಗೆ ಹೊಡೆದವಳು, ಆಮೇಲೆ ಮೆಡಿಕಲ್, ಮದುವೆ, ಅಮೆರಿಕ ಎಂದು ಎಲ್ಲ ಮರೆತಿದ್ದಳು. ನಲವತ್ತು ದಾಟಿದ ಮೇಲೆ ಜೊತೆಯ ಡಾಕ್ಟರೊಬ್ಬಳು ಒಂದು ಭಾನುವಾರ ಸ್ಯಾನ್ ಹೊಸೆಯ ದಕ್ಷಿಣದ ಬೆಟ್ಟದ ಸಂದಿಯಲ್ಲಿರುವ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಆ ಡಾಕ್ಟರು ಮತ್ತೆ ಹೋಗಲಿಲ್ಲ. ವೇದವತಿ ಬಿಡಲಿಲ್ಲ.

ಆಟವನ್ನು ವಿವರಿಸುವುದು ಸುಲಭ. ದಪ್ಪ ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕೋಳಿ, ಹಂದಿ, ಟರ್ಕಿ ಎಂಬ ದೊಡ್ಡ ಹಕ್ಕಿ, ಟಗರುಗಳನ್ನು ಬೇರೆ ಬೇರೆ ದೂರದಲ್ಲಿ ಹತ್ತು ಹತ್ತರ ಸಾಲಾಗಿ ನಿಲ್ಲಿಸಿರುತ್ತಾರೆ. ಕೋಳಿ ಎಲ್ಲಕ್ಕಿಂತ ಹತ್ತಿರ, ಟಗರು ಎಲ್ಲಕ್ಕಿಂತ ದೂರ, ನೂರು ಮೀಟರಿನಲ್ಲಿ. ನಿಂತುಕೊಂಡೇ ಹೊಡೆಯಬೇಕು. ರೈಫಲ್ಲಿಗೆ ಮೈಯೊಂದೇ ಆಸರೆ. ಒಂದು ಪ್ರಾಣಿಗೆ ಒಂದೇ ಗುಂಡು, ಬಿದ್ದರೆ ಅಂಕ. ದೂರ ಹೆಚ್ಚಿದಷ್ಟೂ ಗುಂಡು ಕೆಳಕ್ಕೆ ಇಳಿಯುವುದರಿಂದ ಪ್ರತಿ ಸಾಲಿಗೂ ಸ್ಕೋಪಿನ ಮೇಲಿನ ಗುಂಡಿಯನ್ನು ಕ್ಲಿಕ್ ಕ್ಲಿಕ್ ಎಂದು ತಿರುಗಿಸಿ ಏರಿಸಿಕೊಳ್ಳಬೇಕು. ಮತ್ತೆ ಇಳಿಸಿದಾಗ ಅದು ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಹಾಗೆ ಬರದಿದ್ದರೆ ಎಷ್ಟು ಒಳ್ಳೆಯ ಕನ್ನಡಿಯ ಸ್ಕೋಪಾದರೂ ಈ ಆಟಕ್ಕೆ ಆಗುವುದಿಲ್ಲ.

ಚಳಿಗಾಲದಿಂದ ಅವಳಿಗೆ ಟರ್ಕಿಗಳು ಬೀಳುವುದು ನಿಂತಿತ್ತು. ಮೊದಲು ತಪ್ಪನ್ನು ಗಾಳಿಯ ಮೇಲೆ ಹಾಕಿದಳು, ಆಮೇಲೆ ಗುಂಡಿನ ಮೇಲೆ, ಕೊನೆಗೆ ಸ್ಕೋಪಿನ ಮೇಲೆ. ಅದು ಬಹಳ ಹಳೆಯದು, ಗುಂಡಿ ಸವೆದಿರಬೇಕು, ಇಳಿಸಿದಾಗ ಸರಿಯಾದ ಜಾಗಕ್ಕೆ ಬರುತ್ತಿಲ್ಲ ಎಂದು ಲೆಕ್ಕ ಹಾಕಿದಳು. ಕ್ಲಬ್ಬಿನ ಜೊತೆಗಾರ ಸಂತೋಷಕುಮಾರ ಕೇಳಿದ ಎಂದು ಅದನ್ನು ಅವನಿಗೆ ಕೊಟ್ಟು ಹೊಸದನ್ನು ತರಿಸಿದಳು. ಹೊಸದರೊಳಗೆ ಕಾಣುವ ಗುರಿಯ ಗೆರೆಗಳು ಕೂದಲಿನಷ್ಟು ಸಣ್ಣ. ಒಂದು ಅಡ್ಡ, ಒಂದು ಉದ್ದ, ನಡುವೆ ಸೇರುತ್ತವೆ. ಸೇರುವ ಜಾಗದಲ್ಲಿ ಉದ್ದ ಗೆರೆ ಸ್ವಲ್ಪ ಸೊಂಟ ಮುರಿದ ಹಾಗೆ ಬಲಕ್ಕೆ ವಾಲಿತ್ತು. ವಾಪಸು ಕಳಿಸಿದಳು. ಬದಲಿಗೆ ಬಂದದ್ದೂ ಹಾಗೇ ಇತ್ತು.

ಶನಿವಾರ ಸಂತೋಷಕುಮಾರನಿಗೆ ಫೋನು ಮಾಡಿ ಈ ವಿಷಯ ಹೇಳಿದಾಗ ಅವನು, “ಕಳಸಬ್ಯಾಡ್ರಿ ಅಕ್ಕಾರ, ನಾಳೆ ತಗೊಂಡ್ ಬರ್ರಿ, ನಾನೂ ನೋಡ್ತೇನಿ,” ಎಂದ.

ಸಂತೋಷಕುಮಾರ ಬಾಗಲಕೋಟೆಯವನು. ರೆಡ್‌ವುಡ್ ಸಿಟಿಯ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರು. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಅವಳು ಹೊಡೆಯುವಾಗ ಅವನು ಪಕ್ಕದಲ್ಲಿ ಕುಳಿತು ಸ್ಟ್ಯಾಂಡಿನ ಮೇಲಿನ ದುರ್ಬೀನಿನಲ್ಲಿ ನೋಡುತ್ತ ಗುಂಡು ಎಲ್ಲಿ ಹೋಯಿತೆಂದು ಹೇಳುತ್ತಿದ್ದ. ಅವನು ಹೊಡೆಯುವಾಗ ಅವಳು ಹೇಳುತ್ತಿದ್ದಳು. ಕ್ಲಬ್ಬಿನಲ್ಲಿ ಕನ್ನಡ ಮಾತಾಡುವವರು ಇವರಿಬ್ಬರೇ. ಉಳಿದವರಿಗೆ ಇವರು ಏನು ಹೇಳಿಕೊಳ್ಳುತ್ತಾರೆಂದು ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದರೂ ಅದರಲ್ಲಿ ಹಂದಿ, ಕೋಳಿ, ಮೇಲೆ, ಕೆಳಗೆ ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ರೇಂಜಿನ ಬೆಂಚಿನ ಮೇಲೆ ಅವನು ಸ್ಕೋಪನ್ನು ಡಬ್ಬದಿಂದ ತೆಗೆದು ಎದುರಿನ ಗುಡ್ಡದ ಕಡೆ ಹಿಡಿದು ನೋಡಿದ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ.

“ಗೆರಿ ನೆಟ್ಟಗ ಅದಾವಲ್ರಿ ಅಕ್ಕಾರ.”

“ನಡುವೆ ನೋಡಿ. ಎರಡೂ ಸೇರೋ ಕಡೆ.”

“ಅಲ್ಲೇ ನೋಡಾಕತ್ತೇನ್ರಿ. ನೆಟ್ಟಗ ಐತಿ.”

ಅವಳು ಸ್ಕೋಪು ಇಸಿದುಕೊಂಡು ನೋಡಿದಳು. ಗೆರೆ ಬಾಗಿಯೇ ಇತ್ತು. ಸಂತೋಷಕುಮಾರ ಟೋಪಿ ತೆಗೆದು ತಲೆ ಸವರಿಕೊಂಡ.

“ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ.”

“ಹೇಳಿ.”

“ನಿಮ್ಮ ಹಳೇ ಸ್ಕೋಪ್ ನನಗ ಕೊಟ್ರಲ್ಲ, ಅದಕ್ಕೇನೂ ಆಗಿಲ್ರಿ. ಏರಿಸಿದ್ರ ಏರತೈತಿ, ಇಳಿಸಿದ್ರ ಬರೋಬ್ಬರಿ ಅಲ್ಲೇ ಬಂದು ನಿಂದರತೈತಿ. ಹೋದ ಮ್ಯಾಚಿನ್ಯಾಗ ನನಗ ಟರ್ಕಿ ಏಳು ಬಿದ್ದುವು. ನನಗ ಎಂದಾರ ಏಳು ಬಿದ್ದಿದ್ದುವೇನ್ರಿ?”

ಅವಳು ಅವನ ಮುಖ ನೋಡಿದಳು. “ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೆಂಗ ಹೇಳ್ಲಿ? ಕೆಟ್ಟೈತಿ ಅಂತ ನೀವ ಅಂದಿದ್ರಿ. ನೀವು ದೊಡ್ಡವ್ರು.”

ವೇದವತಿ ಸ್ಕೋಪನ್ನು ಮತ್ತೆ ಬಲಗಣ್ಣಿಗೆ ಹಿಡಿದು, ಗುಡ್ಡದ ಮೇಲಿನ ಒಂಟಿ ಓಕ್ ಮರವನ್ನು ನಡುವೆ ತಂದುಕೊಂಡು, ನಳಿಗೆಯನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿದಳು. ಉದ್ದ ಇದ್ದ ಗೆರೆ ಅಡ್ಡವಾಯಿತು, ಅಡ್ಡ ಇದ್ದದ್ದು ಉದ್ದವಾಯಿತು. ತಪ್ಪು ಸ್ಕೋಪಿನದಾಗಿದ್ದರೆ ಬಾಗು ಗೆರೆಯ ಜೊತೆ ತಿರುಗಬೇಕಾಗಿತ್ತು. ಅದು ತಿರುಗಲಿಲ್ಲ. ಈಗ ಉದ್ದವಾಗಿ ನಿಂತ ಹೊಸ ಗೆರೆ, ಅದೇ ಜಾಗದಲ್ಲಿ, ಅದೇ ರೀತಿ ಬಲಕ್ಕೆ ವಾಲಿತು. ಮರದ ಕಾಂಡವೂ ಅಲ್ಲೇ ವಾಲಿತ್ತು. ಅವಳು ಸ್ಕೋಪನ್ನು ಎಡಗಣ್ಣಿಗೆ ಬದಲಿಸಿದಳು. ಎರಡು ಗೆರೆಗಳೂ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿದ್ದವು.

“ಸ್ಕೋಪು ಸರಿಯಾಗಿದೆ,” ಎಂದಳು.

“ಅಂದ್ರ?”

“ನನ್ನ ಕಣ್ಣು.”

ಸಂತೋಷಕುಮಾರ ತಾನೇ ಮನೆಗೆ ಬಿಡುತ್ತೇನೆ, ಕಾರು ಇಲ್ಲೇ ಇರಲಿ ಎಂದ. ಅವಳು ಬೇಡ ಎಂದಳು. ಪಾರ್ಕಿಂಗ್ ಜಾಗಕ್ಕೆ ಬಂದು, ಕಾರು ಹತ್ತುವ ಮೊದಲು ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೆಲದ ಬಿಳಿ ಪಟ್ಟಿಗಳನ್ನು ನೋಡಿದಳು. ಬಲಗಣ್ಣೊಂದರಲ್ಲಿ ಪಟ್ಟಿಗಳು ನಡುವೆ ಹಾವಿನಂತೆ ಸಣ್ಣಗೆ ಹೊರಳಿದ್ದವು. ಕೈ ತೆಗೆದಳು. ಎರಡು ಕಣ್ಣೂ ಸೇರಿದ ಕೂಡಲೇ ನೆಟ್ಟಗಾದವು. ಮೆದುಳು ಒಳ್ಳೆಯ ಕಣ್ಣಿನ ಮಾತನ್ನೇ ನಂಬಿಕೊಂಡು ಎಷ್ಟು ತಿಂಗಳಿಂದ ಸುಧಾರಿಸುತ್ತಿತ್ತೋ. ಇದನ್ನು ಇನ್ನಾರಾದರೂ ಬಂದು ಹೇಳಿದ್ದರೆ ಅವಳೇ ಒಂದು ನಿಮಿಷದಲ್ಲಿ ಕಾಯಿಲೆಯ ಹೆಸರು ಹೇಳುತ್ತಿದ್ದಳು. ತನ್ನದೇ ಆದಾಗ ಮೂರು ಸ್ಕೋಪುಗಳ ಮೇಲೆ ತಪ್ಪು ಹೊರಿಸಿದ್ದಳು. ಅದು ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಕಿರಿಕಿರಿಯಾಯಿತು.

ಭಯ ಮನೆಗೆ ಹೋಗುವ ಫ್ರೀವೇಯಲ್ಲಿ ಬಂತು, ಅದೂ ಬೇರೆ ದಾರಿಯಿಂದ. ಸೋಮವಾರ ಬೆಳಗ್ಗೆ ಲ್ಯಾಬಿನ ಟ್ರೇಯಲ್ಲಿ ಕಾಯುವ, ರೋಗಿಗಳ ಚೂರು ಅಂಟಿಸಿದ ಗಾಜಿನ ಸ್ಲೈಡುಗಳು ನೆನಪಾದವು.

ಜಯರಾಮ್ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ. ಚಿಪ್ ಕಂಪನಿಯಿಂದ ನಿವೃತ್ತನಾದ ಮೇಲೆ ಭಾನುವಾರದ ಅಡುಗೆ ಅವನದು. ಅವಳು ಎದುರಿಗೆ ಕುಳಿತು ನಡೆದದ್ದನ್ನು ಹೇಳಿದಳು. ಅವನು ಚಾಕು ಕೆಳಗಿಟ್ಟು ಕೇಳಿದ.

“ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗೋಣ.”

“ಅಪಾಯಿಂಟ್‌ಮೆಂಟು ಸಿಕ್ಕಾಗ ಹೋಗೋಣ. ನಾಳೆ ಬೆಳಗ್ಗೆ ಮೊದಲು ಆರತಿಗೆ ಹೇಳ್ಬೇಕು.”

ಆರತಿ ಲ್ಯಾಬಿನ ಮುಖ್ಯಸ್ಥೆ. ಬೆಂಗಳೂರಿನವಳು, ವೇದವತಿಗಿಂತ ವಯಸ್ಸಿನಲ್ಲಿ ಚಿಕ್ಕವಳು.

“ಡಾಕ್ಟರು ಏನು ಅಂತಾರೋ ನೋಡಿ ಆಮೇಲೆ ಹೇಳಿದ್ರೆ ಆಗಲ್ವಾ? ಏನೂ ಇಲ್ದೇ ಇದ್ರೆ?”

“ಏನೋ ಇದೆ ರೀ. ನಾನು ನೋಡಿದೀನಿ.”

“ಎಡಗಣ್ಣು ಸರಿಯಾಗಿದೆ ಅಂದ್ಯಲ್ಲ. ಎರಡು ಕಣ್ಣಲ್ಲಿ ತಾನೇ ಮೈಕ್ರೋಸ್ಕೋಪು ನೋಡೋದು?”

“ಹೌದು. ಬಹುಶಃ ಏನೂ ತಪ್ಪಾಗಿರಲ್ಲ. ಆದ್ರೆ ಬಹುಶಃ ಅಂತ ರಿಪೋರ್ಟಲ್ಲಿ ಬರೆಯೋಕಾಗಲ್ಲ.”

ಜಯರಾಮ್ ಮತ್ತೆ ಚಾಕು ಎತ್ತಿಕೊಂಡು, “ಅವಳು ನಿನ್ನ ಮನೇಲಿ ಕೂರ್ಸಿದ್ರೆ?” ಎಂದ.

“ಕೂರ್ತೀನಿ.”

ಆರತಿ ಅವಳನ್ನು ಮನೆಯಲ್ಲಿ ಕೂರಿಸಿದಳು. ಮರ್ಯಾದೆಯಿಂದ, ಬಾಗಿಲು ಹಾಕಿಕೊಂಡು, ಕೈ ಹಿಡಿದು ಕೂರಿಸಿದಳು. ಚಳಿಗಾಲದಿಂದ ವೇದವತಿ ಸಹಿ ಹಾಕಿದ ಪ್ರಕರಣಗಳಲ್ಲಿ ಕಷ್ಟದವುಗಳನ್ನು ಇನ್ನಿಬ್ಬರು ಮತ್ತೆ ನೋಡುತ್ತಾರೆಂದು ಹೇಳಿದಳು. ಅದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರ ವೇದವತಿ ಮನೆಯ ಕಿಟಕಿಯ ಬ್ಲೈಂಡಿನ ಪಟ್ಟಿಗಳನ್ನು ಒಂದೊಂದು ಕಣ್ಣಿನಲ್ಲಿ ನೋಡುತ್ತ ಕಳೆದಳು. ಒಬ್ಬ ಹೆಂಗಸಿನ ಸ್ತನದ ಗಂಟಿನ ವಿಷಯದಲ್ಲಿ ಬರೆದ ಒಂದು ವಾಕ್ಯವನ್ನು ಮನಸ್ಸಿನಲ್ಲಿ ಎಷ್ಟು ಸಲ ಮತ್ತೆ ಬರೆದಳೋ. ಕೊನೆಗೆ ಆರತಿ ಫೋನು ಮಾಡಿದಳು. ಎರಡು ರಿಪೋರ್ಟುಗಳಲ್ಲಿ ಮಾತಿನ ವ್ಯತ್ಯಾಸ ಅಷ್ಟೇ, ಚಿಕಿತ್ಸೆ ಬದಲಾಗುವಂಥದ್ದು ಯಾವುದೂ ಇಲ್ಲ, ಆ ಗಂಟಿನದು ಸರಿಯಾಗಿಯೇ ಇತ್ತು. ವೇದವತಿ ಥ್ಯಾಂಕ್ಸ್ ಹೇಳಿ ಫೋನಿಟ್ಟು, ಸ್ನಾನಕ್ಕೆ ಹೋಗಿ, ಬಹಳ ಹೊತ್ತು ಬರಲಿಲ್ಲ. ಜಯರಾಮ್ ಬಾಗಿಲು ಬಡಿದು ಕೇಳಬೇಕಾಯಿತು.

ಕಣ್ಣಿನ ಡಾಕ್ಟರು ತೋರಿಸಿದ ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಅಕ್ಷಿಪಟದ ನಡುಭಾಗದ ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಪೊರೆ ಬೆಳೆದು, ಒಣಗಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ, ಕೆಳಗಿನ ಪದರವನ್ನೂ ಎಳೆದು ಸುಕ್ಕಾಗಿಸಿತ್ತು. ವೇದವತಿ ಅದನ್ನು ಯಾರದೋ ಸ್ಲೈಡಿನಂತೆ ಹತ್ತಿರ ಬಾಗಿ ನೋಡಿದಳು. ಪೊರೆ ಸುಲಿದು ತೆಗೆಯಬಹುದು, ಆದರೆ ಗೆರೆಗಳು ಪೂರ್ತಿ ನೆಟ್ಟಗಾಗುತ್ತವೆಂದು ಮಾತು ಕೊಡಲಾರೆ, ತೆಗೆದ ಮೇಲೆ ಒಂದು ವರ್ಷ ಕಾದು ನೋಡಬೇಕು ಎಂದು ಡಾಕ್ಟರು ಹೇಳಿದರು. ಮೇ ತಿಂಗಳಲ್ಲಿ ಆಪರೇಷನ್ ಆಯಿತು.

ಆಗಸ್ಟಿನಲ್ಲಿ, ಅಲ್ಲಿನ ಬೇಸಿಗೆಯ ಕೊನೆಗೆ, ಬಲಗಣ್ಣಿನ ಗೆರೆಗಳು ಅರ್ಧಕ್ಕರ್ಧ ನೆಟ್ಟಗಾಗಿದ್ದವು. ಪರೀಕ್ಷೆಗಳನ್ನೆಲ್ಲ ಮುಗಿಸಿ ಅವಳು ಲ್ಯಾಬಿಗೆ ಮರಳಿದಳು. ಅವಳು ನೋಡಿದ್ದನ್ನು ಕೆಲವು ತಿಂಗಳು ಇನ್ನೊಬ್ಬರೂ ನೋಡಬೇಕೆಂದು ಅವಳೇ ಕೇಳಿಕೊಂಡಳು. ರೈಫಲ್ಲಿನ ಮಾತು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಒಂದು ದಿನ ಜಯರಾಮ್ ಗ್ಯಾರೇಜಿಗೆ ಬಂದಾಗ ಅವಳು ಖಾಲಿ ರೈಫಲ್ಲನ್ನು ಎಡಭುಜಕ್ಕೆ ಒರಗಿಸಿಕೊಂಡು, ಗೋಡೆಯ ಮೇಲೆ ಅಂಟಿಸಿದ ಒಂದು ಚುಕ್ಕೆಯ ಕಡೆ ಹಿಡಿದು ನಿಂತಿದ್ದಳು. ತೋಳು ನಡುಗುತ್ತಿತ್ತು.

“ಎಡಗೈಯಲ್ಲಾ?”

“ಎಡಗಣ್ಣು ಅಲ್ವಾ, ಕೈಯೂ ಅದೇ ಆಗ್ಬೇಕು.”

“ಈ ವಯಸ್ಸಲ್ಲಿ?”

“ಈ ವಯಸ್ಸೇ ಇರೋದು.”

ಅವನು ಅಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತ. ಅವಳು ರೈಫಲ್ಲು ಇಳಿಸಿ ತೋಳು ಉಜ್ಜಿಕೊಂಡಳು. ಈ ಕಣ್ಣಿಗೂ ಈ ತೋಳಿಗೂ ಹೊಂದುವ ಹೊಸ ಸ್ಕೋಪು ಬೇಕು, ಭಾನುವಾರ ಕ್ಲಬ್ಬಿನಲ್ಲಿ ನಾಲ್ಕಾರು ಜನರದನ್ನು ನೋಡಿ ತೀರ್ಮಾನ ಮಾಡಬೇಕು, ಎಂದಳು. ತಾನು ಕರೆದುಕೊಂಡು ಹೋಗುತ್ತೇನೆ ಎಂದ. ಇನ್ನೂ ದೂರದ ಡ್ರೈವಿಂಗು ಬೇಡ ಎಂಬುದು ಅದಕ್ಕೆ ಅವನು ಕೊಟ್ಟ ಕಾರಣ.

ಆ ಭಾನುವಾರ ಕ್ಲಬ್ಬಿನವರು ಒಬ್ಬೊಬ್ಬರಾಗಿ ತಮ್ಮ ರೈಫಲ್ಲು ಅವಳ ಕೈಗೆ ಕೊಟ್ಟರು. ಸಂತೋಷಕುಮಾರ ಮೊದಲು ಇಪ್ಪತ್ನಾಲ್ಕು ಪಟ್ಟು ದೊಡ್ಡದಾಗಿ ಕಾಣುವ ಸ್ಕೋಪನ್ನು ಕೊಡಿಸಿದ. ಕಣ್ಣು ಸ್ವಲ್ಪ ಮಂದ ಅಂದರೆ ದೊಡ್ಡದಾಗಿ ಕಾಣುವುದೇ ಒಳ್ಳೆಯದು ಎಂಬುದು ಅವನ ವಾದ. ವೇದವತಿ ಎಡಭುಜಕ್ಕೆ ಹಿಡಿದು ನೋಡಿದಳು. ಹಂದಿ ಕನ್ನಡಿಯ ತುಂಬ ತುಂಬಿಕೊಂಡು ಅತ್ತಿಂದಿತ್ತ ಓಡಾಡುತ್ತಿತ್ತು. ಓಡುತ್ತಿದ್ದದ್ದು ಹಂದಿಯಲ್ಲ, ಅವಳ ಪಳಗದ ತೋಳು. ಸ್ಕೋಪು ಹಂದಿಯ ಜೊತೆ ನಡುಕವನ್ನೂ ಇಪ್ಪತ್ನಾಲ್ಕು ಪಟ್ಟು ಮಾಡಿ ತೋರಿಸುತ್ತಿತ್ತು. ಅದನ್ನು ಹಿಡಿಯಲು ಹೋಗಿ ಅವಳು ಇನ್ನೂ ಬಿಗಿಯಾದಳು, ತೋಳು ಇನ್ನೂ ನಡುಗಿತು.

“ಚಂದ ಕಾಣಸ್ತೈತಿಲ್ರಿ?” ಸಂತೋಷಕುಮಾರ ಕೇಳಿದ.

“ಚೆನ್ನಾಗಿ ಕಾಣುತ್ತೆ. ಹೊಡೆಯೋಕಾಗಲ್ಲ.”

ಹಿಂದೆ ಮಡಿಚುವ ಕುರ್ಚಿಯಲ್ಲಿ ಕುಳಿತಿದ್ದ ಜಯರಾಮ್, “ಸಣ್ಣದಾಗಿ ಕಾಣೋದು ಇರಲ್ವಾ?” ಎಂದ. ಸಂತೋಷಕುಮಾರ ನಕ್ಕ. ವೇದವತಿ ನಗದೆ ಪಕ್ಕದ ಬೆಂಚಿನ ಮುದುಕನನ್ನು ಕೇಳಿ ಅವನ ಹತ್ತು ಪಟ್ಟಿನ ಸ್ಕೋಪನ್ನು ನೋಡಿದಳು. ಹಂದಿ ಸಣ್ಣದಾಯಿತು, ಆದರೆ ನಿಂತಿತು. ತೂಕವೂ ಕಡಿಮೆ, ಎಡತೋಳಿಗೆ ಪಳಗುವವರೆಗೆ ಅದೂ ಲೆಕ್ಕಕ್ಕೆ ಬರುವಂಥದ್ದೇ. ಗುಂಡಿ ತಿರುಗಿಸಿದಳು. ಪ್ರತಿ ಕ್ಲಿಕ್ಕೂ ಬೆರಳಿಗೆ ಬೇರೆ ಬೇರೆಯಾಗಿ ತಾಗಿತು. ಕಣ್ಣು ತೆಗೆಯದೆ ಎಣಿಸಬಹುದು. ಇದೇ ತರಹದ್ದು ಸಾಕು ಎಂದಳು.

“ಹಂಗಾರ ನಡುವ ಚುಕ್ಕಿ ಇರೋದು ತಗೋರಿ,” ಎಂದ ಸಂತೋಷಕುಮಾರ. “ಗೆರಿ ಇದ್ರ ತಾನೇ ಬಾಗೋದು? ಚುಕ್ಕಿ ಏನೂ ಬಾಗಂಗಿಲ್ಲ. ತಲಿಬ್ಯಾನಿನ ಇಲ್ಲ.”

“ಗೆರೆನೇ ಬೇಕು. ಎಷ್ಟು ಸಣ್ಣ ಸಿಗುತ್ತೋ ಅಷ್ಟು ಸಣ್ಣದು.”

“ಯಾಕ್ರಿ?”

“ಇನ್ನೊಂದು ಕಣ್ಣಿಗೂ ಹೀಗೆ ಆಗಬಹುದು. ಹಾಗೇನಾದ್ರೂ ಆದ್ರೆ ಮೊದಲ ದಿನವೇ ಗೊತ್ತಾಗಲಿ.”

ಜಯರಾಮ್ ಕುರ್ಚಿಯಿಂದ ಎದ್ದು ದುರ್ಬೀನಿನ ಹತ್ತಿರ ಹೋಗಿ, ಅದನ್ನು ಹೇಗೆ ನೋಡುವುದೆಂದು ಸಂತೋಷಕುಮಾರನನ್ನು ಕೇಳಿದ.

ಅಕ್ಟೋಬರಿನ ಮ್ಯಾಚಿನ ಹೊತ್ತಿಗೆ ಜಯರಾಮ್ ಅದನ್ನು ಒಂದು ಮಟ್ಟಕ್ಕೆ ಕಲಿತಿದ್ದ. ಸಂತೋಷಕುಮಾರನೂ ವೇದವತಿಯೂ ಒಂದೇ ಸರದಿಯಲ್ಲಿ ಹೊಡೆಯಬೇಕಾಗಿ ಬಂದದ್ದರಿಂದ ಅವಳ ಪಕ್ಕದಲ್ಲಿ ಕುಳಿತವನು ಜಯರಾಮ್. ಕ್ಲಬ್ಬು ಅವಳನ್ನು ಮತ್ತೆ ಕೆಳಗಿನ ದರ್ಜೆಗೆ, ಹೊಸಬರ ಜೊತೆ ಹಾಕಿತ್ತು. ಅದನ್ನು ಅವಳೇ ಬರೆದು ಕೇಳಿದ್ದಳು.

ಕೋಳಿಗಳಲ್ಲಿ ಒಂದು ಬಿತ್ತು. ಹಂದಿಗಳಲ್ಲಿ ಮೂರು.

“ಎಲ್ಲಿ ಹೋಯ್ತು?” ಟರ್ಕಿಯ ಸಾಲಿನಲ್ಲಿ ಮೊದಲ ಗುಂಡು ಹಾರಿದ ಮೇಲೆ ಅವಳು ಸ್ಕೋಪಿನಿಂದ ಕಣ್ಣು ತೆಗೆಯದೆ ಕೇಳಿದಳು.

“ಮಣ್ಣು ಎದ್ತು.”

“ಎಲ್ಲಿ ಮಣ್ಣು?”

“ಬಾಲದ ಹತ್ರ. ಬಾಲದಿಂದ ಈಚೆ.”

“ಈಚೆ ಅಂದ್ರೆ ಎಡಕ್ಕೋ ಬಲಕ್ಕೋ ರೀ?”

“ಬಲಕ್ಕೆ. ಒಂದು ಗೇಣು. ಅಲ್ಲ, ಅರ್ಧ ಗೇಣು.”

ಅವಳು ಉಸಿರು ಬಿಟ್ಟು, ಅರ್ಧಕ್ಕೆ ನಿಲ್ಲಿಸಿ, ಗೆರೆಗಳು ಸೇರುವ ಜಾಗ ಮುಂದಿನ ಟರ್ಕಿಯ ಎದೆಯನ್ನು ಹಾದುಹೋಗುವುದಕ್ಕೆ ಕಾದಳು. ಎಡಗೈಯ ತೋರುಬೆರಳಿಗೆ ಇನ್ನೂ ಕೆಲಸ ಪೂರ್ತಿ ಗೊತ್ತಾಗಿರಲಿಲ್ಲ. ಅದು ಒಂದು ಕ್ಷಣ ತಡವಾಗಿ ಒತ್ತುತ್ತಿತ್ತು. ಆ ತಡವನ್ನೂ ಸೇರಿಸಿಕೊಂಡು ಒತ್ತಿದಳು. ಉಕ್ಕಿಗೆ ಗುಂಡು ತಾಗಿದ ಸದ್ದು ಬೆಟ್ಟದ ಸಂದಿಯಿಂದ ಸಣ್ಣಗೆ ಬಂತು.

“ಬಿತ್ತು,” ಎಂದ ಜಯರಾಮ್. ಆಮೇಲೆ ದುರ್ಬೀನಿನಿಂದ ತಲೆ ಎತ್ತಿ ಬರಿಗಣ್ಣಿನಲ್ಲೂ ನೋಡಿದ. “ಬಿತ್ತು ವೇದಾ.”

ಅವಳು ಮುಂದಿನ ಗುಂಡು ತುಂಬಿದಳು. ಆ ಸಾಲಿನಲ್ಲಿ ಬಿದ್ದದ್ದು ಅದೊಂದೇ.

ಸರದಿ ಮುಗಿದು ಎಲ್ಲರ ರೈಫಲ್ಲುಗಳೂ ಖಾಲಿಯಾಗಿ ಬೆಂಚಿನ ಮೇಲೆ ಕುಳಿತ ಮೇಲೆ, ಹೊಡೆದವರೆಲ್ಲ ಕೆಳಗೆ ನಡೆದು ಹೋಗಿ ಬಿದ್ದ ಪ್ರಾಣಿಗಳನ್ನು ಎತ್ತಿ ನಿಲ್ಲಿಸಿ ಬಣ್ಣ ಬಳಿಯಬೇಕು. ಜಯರಾಮ್ ಕೂಡ ಹೋದ. ಒಣಹುಲ್ಲಿನ ಇಳಿಜಾರಿನಲ್ಲಿ ಅವರು ಟಗರುಗಳ ಹತ್ತಿರ ಬಂದಾಗ ಸಂತೋಷಕುಮಾರ ಮುಂದೆ ಹೋಗಿ ತನ್ನವನ್ನು ನಿಲ್ಲಿಸುತ್ತಿದ್ದ. ವೇದವತಿಯ ಟಗರುಗಳಲ್ಲಿ ಎರಡು ಬಿದ್ದಿದ್ದವು. ಉಳಿದವು ನಿಂತೇ ಇದ್ದವು. ಅವುಗಳಲ್ಲಿ ಒಂದರ ಹಿಂಗಾಲಿನ ಬುಡದಲ್ಲಿ, ಪೀಠಕ್ಕೆ ಹತ್ತಿಕೊಂಡು, ಸೀಸದ ಬೂದು ಗುರುತೊಂದು ಹೊಸದಾಗಿ ಕಾಣುತ್ತಿತ್ತು.

“ಇದೂ ನಿಂದೇ,” ಎಂದ ಜಯರಾಮ್ ಬೆರಳಿಟ್ಟು. “ತಗುಲಿದೆಯಲ್ಲ. ಲೆಕ್ಕಕ್ಕಿಲ್ವಾ?”

“ಇಲ್ಲ. ಬೀಳ್ಬೇಕು.”

“ಇದು ಸರಿ ಇಲ್ಲ.”

“ರೂಲು ಹಾಗಿದೆ.”

ಅವನಿಗೆ ಸಮಾಧಾನವಾಗಲಿಲ್ಲ. ಇನ್ನೊಂದು ಬೆರಳು ಮೇಲೆ ಹೊಡೆದಿದ್ದರೆ ಬೀಳುತ್ತಿತ್ತು, ಅದಕ್ಕೆ ಗುಂಡಿ ಎಷ್ಟು ಕ್ಲಿಕ್ಕು ತಿರುಗಿಸಬೇಕಾಗಿತ್ತು, ಅದನ್ನು ತಾನು ಮೊದಲೇ ಹೇಳಿದ್ದರೆ ಆಗುತ್ತಿತ್ತೇ ಎಂದು ಒಂದರ ಹಿಂದೆ ಒಂದು ಕೇಳಿದ. ವೇದವತಿ ಉತ್ತರ ಹೇಳುತ್ತ ಬಣ್ಣದ ಡಬ್ಬಿಯನ್ನು ಅಲುಗಿಸಿ, ಟಗರಿನ ಕಾಲಿನ ಗುರುತಿನ ಮೇಲೆ ಕಪ್ಪು ಬಣ್ಣ ಹೊಡೆದಳು. ಗಾಳಿ ಅವರ ಕಡೆಗೇ ಬೀಸುತ್ತಿತ್ತು. ಅವನ ಅಂಗಿಯ ತೋಳಿಗೂ ಸ್ವಲ್ಪ ಹತ್ತಿತು. ಅವನು ಅದನ್ನು ನೋಡಿಕೊಂಡು, ಬಿದ್ದಿದ್ದ ಎರಡು ಟಗರುಗಳನ್ನು ಎತ್ತಿ ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿದ.